ಗಿಳಿಯ ಹಸಿರು ಕಳೆದುಹೋದಾಗ

ಸೀರೆ ಅಂಗಡಿಗೆ ಹೋಗಿ ‘ಗಿಳಿಹಸಿರು ತೋರಿಸಿ’ ಎಂದರೆ ಸಾಕು, ಅಂಗಡಿಯವನು ಮರುಮಾತಿಲ್ಲದೆ ಸರಿಯಾದ ಬಣ್ಣದ ಸೀರೆಯನ್ನೇ ಇಳಿಸಿ ಹಾಸುತ್ತಾನೆ. ಒಂದು ಬಣ್ಣಕ್ಕೆ ತನ್ನ ಹೆಸರನ್ನೇ ಕೊಟ್ಟ ಹಕ್ಕಿ ಗಿಳಿ. ಪೇರಲೆ ಮರದಲ್ಲಿ ಅರ್ಧ ತಿಂದು ಅರ್ಧ ಬೀಳಿಸುವ, ಜೋಳದ ಹೊಲಕ್ಕೆ ಗುಂಪುಗುಂಪಾಗಿ ಇಳಿದು ರೈತನ ಬೈಗುಳ ತಿನ್ನುವ, ಒಂದು ಕಾಲದಲ್ಲಿ ಶಾಸ್ತ್ರ ಹೇಳುವವನ ಪಂಜರದಿಂದ ಹೊರಬಂದು ಚೀಟಿ ಎತ್ತಿಕೊಡುತ್ತಿದ್ದ ಗಿಳಿ ಹಸಿರಲ್ಲದೆ ಬೇರೆ ಬಣ್ಣದಲ್ಲಿರುವುದನ್ನು ಊಹಿಸುವುದೇ ಕಷ್ಟ.

ಆದರೆ ಬೆಲ್ಜಿಯಂನಲ್ಲೋ, ಇಂಗ್ಲೆಂಡಿನಲ್ಲೋ, ಆಸ್ಟ್ರೇಲಿಯದಲ್ಲೋ ಗಿಳಿ ಸಾಕುವವರ ಪಂಜರಗಳ ಮುಂದೆ ನಿಂತರೆ ಈ ನಂಬಿಕೆ ಅಲುಗಾಡುತ್ತದೆ. ಅಲ್ಲಿ ಅದೇ ಗಿಳಿ ಆಕಾಶನೀಲಿಯಲ್ಲಿದೆ. ಪಕ್ಕದಲ್ಲೇ ನಿಂಬೆಹಣ್ಣಿನ ಹಳದಿ, ಅದರಾಚೆ ಹಾಲುಬಿಳುಪು, ಬೂದಿ, ಸಾಸಿವೆ, ನೇರಳೆ ಮಿಶ್ರಿತ ನೀಲಿ... ಕೆಂಪು ಕೊಕ್ಕು, ಉದ್ದ ಬಾಲ, ವಾರೆನೋಟ ಎಲ್ಲವೂ ನಮ್ಮ ಗಿಳಿಯವೇ. ಇವು ಬೇರೆ ಬೇರೆ ಜಾತಿಗಳಲ್ಲ. ವಿಜ್ಞಾನಿಗಳು ‘ಸಿಟಾಕುಲ ಕ್ರಾಮೆರಿ’ ಎಂದು ಕರೆಯುವ, ಗಂಡಿನ ಕೊರಳಲ್ಲಿ ಕಪ್ಪು ಮತ್ತು ಗುಲಾಬಿ ಪಟ್ಟಿಯಿರುವ ಒಂದೇ ಪ್ರಭೇದದ ಹಕ್ಕಿಗಳು. ಬದಲಾಗಿರುವುದು ಯಾವುದೋ ಒಂದೆರಡು ವಂಶವಾಹಿಗಳು ಮಾತ್ರ. ಇಂಥ ಬದಲಾವಣೆಯನ್ನೇ ಜೀವಶಾಸ್ತ್ರದ ಪಠ್ಯಪುಸ್ತಕ ‘ಉತ್ಪರಿವರ್ತನೆ’ ಎನ್ನುವುದು. ಹಕ್ಕಿ ಸಾಕುವವರ ಬಾಯಲ್ಲಿ ಅದು ‘ಮ್ಯುಟೇಷನ್’.

ಎದುರಿಗಿರುವ ಹಕ್ಕಿಯಲ್ಲಿ ಯಾವ ಉತ್ಪರಿವರ್ತನೆ ಇದೆ ಎಂದು ಗುರುತಿಸುವುದು ಹೇಗೆ? ಹಳದಿ ಕಂಡದ್ದನ್ನೆಲ್ಲ ‘ಲುಟಿನೊ’ ಎಂದು, ನೀಲಿ ಕಂಡದ್ದನ್ನೆಲ್ಲ ‘ಬ್ಲೂ’ ಎಂದು ಕರೆದು ಮುಗಿಸಿದವರು ಮರಿಗಳು ಹೊರಬಂದಾಗ ತಲೆ ಕೆರೆದುಕೊಂಡಿದ್ದಾರೆ. ಆ ನಾಡುಗಳಲ್ಲಿ ಇದು ದುಡ್ಡಿನ ಪ್ರಶ್ನೆಯೂ ಹೌದು, ಏಕೆಂದರೆ ಹೆಸರು ಬದಲಾದರೆ ಹಕ್ಕಿಯ ಬೆಲೆ ಹಲವು ಪಟ್ಟು ಬದಲಾಗುತ್ತದೆ. ವಿದ್ಯಾರ್ಥಿಗಳಿಗಂತೂ ಮೆಂಡೆಲನ ಬಟಾಣಿ ಗಿಡಕ್ಕಿಂತ ರಸವತ್ತಾದ ಪಾಠ ಇಲ್ಲಿದೆ.

ಇಲ್ಲದ ನೀಲಿ

ಮೊದಲು ಹಸಿರಿನ ಗುಟ್ಟು. ಗಿಳಿಯ ಮೈಯಲ್ಲಿ ಹಸಿರು ಬಣ್ಣದ ವಸ್ತು ಒಂದು ಚೂರೂ ಇಲ್ಲ! ಗರಿಯ ಹೊರಪದರದಲ್ಲಿ ಹಳದಿ ವರ್ಣದ್ರವ್ಯವಿದೆ. ಅದರ ಕೆಳಗೆ ಕೂದಲು, ಉಗುರುಗಳಲ್ಲಿರುವ ಕೆರಾಟಿನ್ ಎಂಬ ವಸ್ತುವೇ ಸ್ಪಂಜಿನಂತೆ ಅತಿ ಸೂಕ್ಷ್ಮ ರಂಧ್ರಗಳಿಂದ ಕೂಡಿ ನಿಂತಿದೆ. ಅದಕ್ಕೂ ಒಳಗೆ ಮೆಲನಿನ್ ಎಂಬ ಕಪ್ಪು ವರ್ಣದ್ರವ್ಯದ ಕಣಗಳು. ಬೆಳಕು ಬಿದ್ದಾಗ ಸ್ಪಂಜಿನ ಪದರ ನೀಲಿಯನ್ನು ಮಾತ್ರ ಚದುರಿಸಿ ಹಿಂದಕ್ಕೆ ಕಳಿಸುತ್ತದೆ. ಉಳಿದ ಬೆಳಕನ್ನು ಕಪ್ಪು ಕಣಗಳು ನುಂಗಿಬಿಡುತ್ತವೆ. ಹೀಗೆ ಹುಟ್ಟಿದ ನೀಲಿ ಮೇಲಿನ ಹಳದಿಯನ್ನು ದಾಟಿ ಬರುವಾಗ ನಮ್ಮ ಕಣ್ಣಿಗೆ ಹಸಿರು.

ಹಕ್ಕಿಯ ಗರಿಯ ನೀಲಿ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೂ ಬೆಂಗಳೂರಿಗೂ ಹಳೆಯ ನಂಟಿದೆ. ಸರ್ ಸಿ.ವಿ. ರಾಮನ್ ಇಲ್ಲಿನ ಭಾರತೀಯ ವಿಜ್ಞಾನ ಮಂದಿರದಲ್ಲಿದ್ದಾಗ, 1934ರಲ್ಲಿ, ತಾವೇ ಕಟ್ಟಿದ ವಿಜ್ಞಾನ ಅಕಾಡೆಮಿಯ ಪತ್ರಿಕೆಯ ಮೊದಲ ಸಂಪುಟದಲ್ಲೇ ಹಕ್ಕಿಗಳ ಗರಿಯ ಬಣ್ಣದ ಬಗ್ಗೆ ಪ್ರಬಂಧ ಬರೆದರು. ಅವರು ಪರೀಕ್ಷೆಗೆ ಆರಿಸಿಕೊಂಡದ್ದು ನೀಲಕಂಠ ಹಕ್ಕಿಯ ಗರಿ. ಮುಂದೆ ಅದೇ ಹಕ್ಕಿ ಕರ್ನಾಟಕದ ರಾಜ್ಯಪಕ್ಷಿಯಾಯಿತು ಎಂಬುದು ಸೊಗಸಾದ ಆಕಸ್ಮಿಕ. ಇಂಥ ನೀಲಿ ಗರಿಯನ್ನು ಬೆಳಕಿಗೆ ಅಡ್ಡ ಹಿಡಿದು ನೋಡಿದರೆ ನೀಲಿ ಮಾಯವಾಗಿ ಮಂಕು ಕಂದು ಉಳಿಯುತ್ತದೆ. ಕಲ್ಲಿನಲ್ಲಿಟ್ಟು ಜಜ್ಜಿದರೂ ಅಷ್ಟೇ. ಬಣ್ಣದ ವಸ್ತುವೇ ಇಲ್ಲದ ಮೇಲೆ ಉಳಿಯುವುದಾದರೂ ಏನು?

ಗಿಳಿಯ ಹಳದಿಯೂ ವಿಶೇಷವಾದದ್ದೇ. ಅನೇಕ ಹಕ್ಕಿಗಳು ತಮ್ಮ ಹಳದಿ, ಕೆಂಪು ಬಣ್ಣಗಳನ್ನು ತಿನ್ನುವ ಆಹಾರದಿಂದ ಪಡೆಯುತ್ತವೆ. ಗಿಳಿಗಳು ಮಾತ್ರ ‘ಸಿಟಾಕೊಫಲ್ವಿನ್’ ಎಂಬ ವರ್ಣದ್ರವ್ಯವನ್ನು ತಮ್ಮ ಗರಿಗಳಲ್ಲೇ ತಯಾರಿಸಿಕೊಳ್ಳುತ್ತವೆ. ಬೇರೆ ಯಾವ ಹಕ್ಕಿಯಲ್ಲೂ ಇದು ಕಂಡುಬಂದಿಲ್ಲ.

ಕಳೆಯುವ ಲೆಕ್ಕ

ಹಳದಿ, ಕಪ್ಪು, ನಡುವಿನ ಸ್ಪಂಜು. ಈ ಮೂರನ್ನು ನೆನಪಿಟ್ಟುಕೊಂಡರೆ ಉಳಿದದ್ದು ಒಂದನೆಯ ತರಗತಿಯ ಕಳೆಯುವ ಲೆಕ್ಕ. ಹಳದಿ ಕಳೆದರೆ ಉಳಿಯುವುದು ನೀಲಿ ಗಿಳಿ. ಕಪ್ಪು ಕಳೆದರೆ ನೀಲಿ ಹುಟ್ಟುವುದೇ ಇಲ್ಲ, ಹೊರಪದರದ ಹಳದಿಯೊಂದೇ ಉಳಿಯುತ್ತದೆ, ಇದು ಲುಟಿನೊ. ಎರಡನ್ನೂ ಕಳೆದರೆ ಬಿಳಿಯ ಆಲ್ಬಿನೊ. ಸ್ಪಂಜಿನ ಪದರ ಕೆಟ್ಟರೆ ನೀಲಿ ಚದುರುವುದು ನಿಲ್ಲುತ್ತದೆ. ಆಗ ಹಸಿರು ಗಿಳಿ ಸಾಸಿವೆ ಛಾಯೆಯ ಬೂದುಹಸಿರಾಗುತ್ತದೆ, ನೀಲಿ ಗಿಳಿ ಬರೀ ಬೂದುಬಣ್ಣಕ್ಕೆ ತಿರುಗುತ್ತದೆ.

ಹಾಗಾಗಿ ಗುರುತಿಸಲು ಕೂತವರು ‘ಇದರ ಮೇಲೆ ಯಾವ ಬಣ್ಣವಿದೆ’ ಎಂದು ಕೇಳಿದರೆ ದಾರಿ ತಪ್ಪುತ್ತಾರೆ. ಕೇಳಬೇಕಾದದ್ದು, ಇದರಲ್ಲಿ ಏನಿಲ್ಲ ಎಂದು. ಅದಕ್ಕೆ ಉತ್ತರ ಸಿಗುವುದು ಎದೆ, ಬೆನ್ನುಗಳ ದೊಡ್ಡ ಬಣ್ಣದಲ್ಲಿ ಅಲ್ಲ. ಕಣ್ಣಿನ ಪಾಪೆ, ಕಾಲು, ರೆಕ್ಕೆಯ ಉದ್ದನೆಯ ಹಾರುಗರಿ, ಬಾಲ, ಮತ್ತು ಗಂಡಾದರೆ ಕೊರಳಪಟ್ಟಿ... ಸಾಕ್ಷಿಗಳು ಇವು. ಕೊಕ್ಕನ್ನು ನಂಬಿ ಉಪಯೋಗವಿಲ್ಲ. ಮೈಯ ಹಳದಿಯೆಲ್ಲ ಹೋದ ನೀಲಿ ಗಿಳಿಯಲ್ಲೂ ಕೊಕ್ಕು ಕೆಂಪಾಗಿಯೇ ಇರುತ್ತದೆ.

ಹಳದಿ ಹಕ್ಕಿಯೊಂದನ್ನೇ ತೆಗೆದುಕೊಳ್ಳೋಣ. ಪಾಪೆ ಕೆಂಪು, ಕಾಲು ನಸುಗುಲಾಬಿ, ಹಾರುಗರಿಗಳಲ್ಲಿ ಕಪ್ಪಿನ ಸುಳಿವೇ ಇಲ್ಲ, ಗಂಡಿನ ಕೊರಳಲ್ಲಿ ಗುಲಾಬಿ ಪಟ್ಟಿ ಉಳಿದು ಅದರ ಜೊತೆಗಿರಬೇಕಾದ ಕಪ್ಪು ಗೆರೆ ಮಾಯ. ಇಷ್ಟೂ ಹೊಂದಿದರೆ ಮೈಯಲ್ಲೆಲ್ಲೂ ಮೆಲನಿನ್ ಇಲ್ಲವೆಂದು ಅರ್ಥ, ಹಕ್ಕಿ ಲುಟಿನೊ. ಅದೇ ಹಳದಿ ಹಕ್ಕಿಗೆ ಪಾಪೆ ಕಪ್ಪಾಗಿದ್ದರೆ? ಮೆಲನಿನ್ ಕಣ್ಣಿನಲ್ಲಿದೆ, ಗರಿಗೆ ಮಾತ್ರ ತಲುಪಿಲ್ಲ. ಅದು ಬೇರೆಯೇ ಉತ್ಪರಿವರ್ತನೆ, ಅದರ ವಂಶಕ್ರಮವೂ ಬೇರೆ. ಇನ್ನು ಹಳದಿಯ ಅಡಿಯಲ್ಲಿ ತಿಳಿಹಸಿರು ಮಿನುಗಿ, ಹಾರುಗರಿಗಳು ತೆಳು ಬೂದಿಯಾಗಿದ್ದರೆ ಮೆಲನಿನ್ ಪೂರ್ತಿ ಹೋಗಿಲ್ಲ, ಕಡಿಮೆಯಾಗಿದೆ. ಅದನ್ನು ‘ಪ್ಯಾಲಿಡ್’ ಎನ್ನುತ್ತಾರೆ.

ಹಾರುಗರಿ ಕಂದುಬಣ್ಣದ್ದಾಗಿದ್ದರೆ ಅದು ‘ಸಿನಮನ್’, ಅಂದರೆ ದಾಲ್ಚಿನ್ನಿ. ಇಲ್ಲಿ ಮೆಲನಿನ್ ಇದೆ, ಆದರೆ ಕಪ್ಪಾಗುವ ಮೊದಲೇ ಕಂದಿನಲ್ಲಿ ನಿಂತುಬಿಟ್ಟಿದೆ. ಕೊರಳಿನ ಕಪ್ಪು ಗೆರೆಯೂ ಕಂದೇ. ಮೈಯ ಹಸಿರು ಸ್ವಲ್ಪ ತಿಳಿಯಾಗಿರುವುದರಿಂದ ದೂರದಿಂದ ಮಾಮೂಲಿ ಗಿಳಿಯೆಂದೇ ತೋರೀತು; ರೆಕ್ಕೆ ಬಿಡಿಸಿ ನೋಡಿದವರಿಗೆ ಮಾತ್ರ ಗೊತ್ತಾಗುತ್ತದೆ. ಈ ಹಕ್ಕಿಯನ್ನು ಹಿಡಿಯಲು ಒಳ್ಳೆಯ ಸಮಯ ಎಂದರೆ ಮರಿ ಮೊಟ್ಟೆಯೊಡೆದ ಮೊದಲ ಕೆಲವು ದಿನಗಳು. ಆಗ ಇನ್ನೂ ಮುಚ್ಚಿರುವ ರೆಪ್ಪೆಯ ತೆಳು ಚರ್ಮದಡಿ ಸಿನಮನ್ ಮರಿಯ ಕಣ್ಣು ನೇರಳೆಹಣ್ಣಿನ ಬಣ್ಣದಲ್ಲಿ ಕಾಣುತ್ತದೆ, ಮಾಮೂಲಿ ಮರಿಯ ಕಣ್ಣು ಕಪ್ಪಾಗಿ ಕಾಣುತ್ತದೆ. ದಿನ ಕಳೆದಂತೆ ಸಿನಮನ್ ಮರಿಯ ಕಣ್ಣೂ ಕಪ್ಪಾಗುತ್ತದೆ. ಲುಟಿನೊ ಮರಿಯ ಕಣ್ಣು ಮಾತ್ರ ಕೊನೆಯವರೆಗೂ ಕೆಂಪೇ. ಅನುಭವಿಗಳು ಗೂಡಿನ ಪೆಟ್ಟಿಗೆಯ ಪಕ್ಕ ದಿನಚರಿ ಪುಸ್ತಕ ತೂಗುಹಾಕಿರುವುದು ಸುಮ್ಮನೆ ಅಲ್ಲ.

ನಿಜವಾಗಿ ಕಾಡಿಸುವುದು ಬೂದುಹಸಿರಿನ ಹಕ್ಕಿ ಮತ್ತು ಆಲಿವ್ ಬಣ್ಣದ ಹಕ್ಕಿ. ಎರಡೂ ಮಂಕು ಹಸಿರು. ಮೊದಲನೆಯದರಲ್ಲಿ ಮೇಲೆ ಹೇಳಿದಂತೆ ನೀಲಿ ಹುಟ್ಟುವುದೇ ನಿಂತಿದೆ. ಎರಡನೆಯದು ‘ಡಾರ್ಕ್’ ಎಂಬ ಇನ್ನೊಂದು ಉತ್ಪರಿವರ್ತನೆಯ ಫಲ; ಅಲ್ಲಿ ಸ್ಪಂಜಿನ ಪದರ ತೆಳುವಾಗುತ್ತದೆ, ಪೂರ್ತಿ ಹಾಳಾಗುವುದಿಲ್ಲ. ಡಾರ್ಕ್ ವಂಶವಾಹಿಯ ಒಂದು ಪ್ರತಿ ಬಂದರೆ ಗಾಢ ಹಸಿರು, ತಂದೆ ತಾಯಿ ಇಬ್ಬರಿಂದಲೂ ಬಂದರೆ ಆಲಿವ್. ಬಾಲವನ್ನು ನೋಡಿದರೆ ವ್ಯಾಜ್ಯ ತೀರುತ್ತದೆ. ಮಾಮೂಲಿ ಗಿಳಿಯ ಬಾಲದ ನಡುಗರಿಗಳಲ್ಲಿ ನೀಲಿಯ ಓಟವಿರುವುದನ್ನು ಎಲ್ಲರೂ ಕಂಡಿದ್ದಾರೆ. ಬೂದುಹಸಿರಿನ ಹಕ್ಕಿಯಲ್ಲಿ ಆ ನೀಲಿ ಅಳಿಸಿಹೋಗಿ ಬಾಲ ಕಪ್ಪುಬೂದಿಯಾಗಿರುತ್ತದೆ. ಡಾರ್ಕ್ ಹಕ್ಕಿಯಲ್ಲಿ ಬಾಲದ ನೀಲಿ ಉಳಿದಿರುತ್ತದೆ, ಇನ್ನಷ್ಟು ಗಾಢವಾಗಿ.

ನೀಲಿಯಲ್ಲೂ ಒಳಭೇದಗಳುಂಟು. ಹಳದಿ ಪೂರ್ತಿ ಹೋದರೆ ಶುದ್ಧ ನೀಲಿ. ಅಂಥ ಗಂಡಿನ ಕೊರಳಲ್ಲಿ ಕಪ್ಪು ಗೆರೆ ಹಾಗೇ ಇದ್ದು ಗುಲಾಬಿ ಇರಬೇಕಾದ ಕಡೆ ಬಿಳಿ. ಹಳದಿ ಅಲ್ಪಸ್ವಲ್ಪ ಉಳಿದು ರೆಕ್ಕೆಯ ಮೇಲೆ ಹಸಿರಿನ ಮೋಡ ಕವಿದಂತಿದ್ದರೆ ಅದು ‘ಟರ್ಕಾಯ್ಸ್’. ಶುದ್ಧ ನೀಲಿ ಮತ್ತು ಟರ್ಕಾಯ್ಸ್ ಒಂದೇ ವಂಶವಾಹಿಯ ಎರಡು ರೂಪಗಳು, ಅಂದರೆ ಒಂದೇ ಕುರ್ಚಿಗೆ ಇಬ್ಬರು ಅಭ್ಯರ್ಥಿಗಳು. ತಂದೆಯಿಂದ ಒಂದು, ತಾಯಿಯಿಂದ ಇನ್ನೊಂದು ಬಂದರೆ ಮರಿ ಎರಡರ ನಡುವಿನ ಬಣ್ಣ ತಳೆಯುತ್ತದೆ. ಕಣ್ಣಿಗೆ ಇದನ್ನು ಬೇರ್ಪಡಿಸುವುದು ಸುಲಭವಲ್ಲ. ಕೆಲವರು ಕತ್ತಲ ಕೋಣೆಯಲ್ಲಿ ನೋಟು ಪರೀಕ್ಷಿಸುವಂಥ ನೇರಳಾತೀತ ದೀಪ ಹಿಡಿದು ನೋಡುತ್ತಾರೆ. ಗಿಳಿಯ ಹಳದಿ ವರ್ಣದ್ರವ್ಯ ಆ ಬೆಳಕಿನಲ್ಲಿ ತಾನೇ ಹೊಳೆಯುವುದರಿಂದ, ಹಗಲಲ್ಲಿ ಕಾಣದ ಹಳದಿಯ ಶೇಷ ಅಲ್ಲಿ ಪತ್ತೆಯಾಗುತ್ತದೆ. ದೀಪವನ್ನು ಹಕ್ಕಿಯ ಕಣ್ಣಿಗಾಗಲಿ ನಮ್ಮ ಕಣ್ಣಿಗಾಗಲಿ ನೇರ ಹಿಡಿಯಬಾರದು ಅಷ್ಟೆ.

ಬಿಳಿ ಹಕ್ಕಿಯ ಮುಂದೆ ಮಾತ್ರ ಈ ಕೌಶಲವೆಲ್ಲ ಸೋಲುತ್ತದೆ. ಆಲ್ಬಿನೊ ಎಂದರೆ ನೀಲಿ ಮತ್ತು ಲುಟಿನೊ ಎರಡೂ ಒಂದೇ ಹಕ್ಕಿಯಲ್ಲಿ ಸೇರಿದ್ದು. ಅದರ ವಂಶದಲ್ಲಿ ಬೂದಿಯಿದ್ದರೂ ಡಾರ್ಕ್ ಇದ್ದರೂ ಬಿಳಿಯ ಹೊದಿಕೆಯಡಿ ಕಾಣದು. ಗಂಡಾಗಿದ್ದರೂ ಕೊರಳಪಟ್ಟಿ ಕಾಣದು. ಬಿಳಿಯ ಮೇಲೆ ಬಿಳಿ ಗೆರೆ ಎಳೆದ ಹಾಗೆ. ಗರಿಯನ್ನೋ ರಕ್ತದ ಹನಿಯನ್ನೋ ಪ್ರಯೋಗಾಲಯಕ್ಕೆ ಕಳಿಸಿ ಡಿಎನ್‌ಎ ಪರೀಕ್ಷೆ ಮಾಡಿಸದೆ ಗಂಡು ಹೆಣ್ಣು ಹೇಳಲಾಗುವುದಿಲ್ಲ.

ಅಪ್ಪನಿಂದ ಮಗಳಿಗೆ

ಗರಿ ನೋಡಿ ಕಲಿಯುವುದು ಅರ್ಧ. ಮಿಕ್ಕರ್ಧ ಇರುವುದು ಹೆತ್ತವರ ವಿವರದಲ್ಲಿ. ಬಣ್ಣ ಮರಿಗಳಿಗೆ ಇಳಿದುಬರುವ ದಾರಿಯೂ ಉತ್ಪರಿವರ್ತನೆಯ ಗುರುತೇ.

ನೀಲಿ ಅಪ್ರಬಲ ಗುಣ. ತಂದೆ ತಾಯಿ ಇಬ್ಬರಿಂದಲೂ ನೀಲಿಯ ವಂಶವಾಹಿ ಬಂದರೆ ಮಾತ್ರ ಮರಿ ನೀಲಿ. ಒಂದೇ ಕಡೆಯಿಂದ ಬಂದರೆ ಹಕ್ಕಿ ಹಸಿರಾಗಿದ್ದೂ ಒಳಗೆ ನೀಲಿಯನ್ನು ಬಚ್ಚಿಟ್ಟುಕೊಂಡಿರುತ್ತದೆ. ಇಂಥದನ್ನು ‘ಸ್ಪ್ಲಿಟ್’ ಎನ್ನುವುದು ರೂಢಿ. ಎರಡು ಸ್ಪ್ಲಿಟ್ ಹಸಿರು ಹಕ್ಕಿಗಳ ಜೋಡಿಯಲ್ಲಿ ನಾಲ್ಕಕ್ಕೊಂದರಂತೆ ನೀಲಿ ಮರಿ ನಿರೀಕ್ಷಿಸಬಹುದು. ಬೂದುಬಣ್ಣ ಇದಕ್ಕೆ ತದ್ವಿರುದ್ಧ; ಅದು ಪ್ರಬಲ ಗುಣ, ಒಂದು ಪ್ರತಿ ಸಾಕು. ಆದ್ದರಿಂದ ‘ಬೂದಿಗೆ ಸ್ಪ್ಲಿಟ್’ ಎಂಬ ಹಕ್ಕಿ ಇರಲು ಸಾಧ್ಯವಿಲ್ಲ. ಇದ್ದರೆ ಕಾಣುತ್ತದೆ, ಕಾಣದಿದ್ದರೆ ಇಲ್ಲ.

ಲುಟಿನೊ, ಸಿನಮನ್, ಪ್ಯಾಲಿಡ್ ಇವುಗಳದ್ದು ಇನ್ನೂ ಸ್ವಾರಸ್ಯ. ಇವು ಲಿಂಗ ನಿರ್ಧರಿಸುವ ವರ್ಣತಂತುವಿನ ಮೇಲೆಯೇ ಕೂತಿವೆ. ಮನುಷ್ಯರಲ್ಲಿ ಎರಡು ಎಕ್ಸ್ ಇದ್ದರೆ ಹೆಣ್ಣು, ಒಂದು ಎಕ್ಸ್ ಒಂದು ವೈ ಇದ್ದರೆ ಗಂಡು ಎಂದು ಹೈಸ್ಕೂಲಿನಲ್ಲೇ ಓದುತ್ತೇವೆ. ಹಕ್ಕಿಗಳಲ್ಲಿ ವ್ಯವಹಾರ ತಿರುಗುಮುರುಗು. ಗಂಡಿಗೆ ಎರಡು ‘ಝಡ್’. ಹೆಣ್ಣಿಗೆ ಒಂದು ‘ಝಡ್’, ಒಂದು ‘ಡಬ್ಲ್ಯು’. ಲುಟಿನೊದ ವಂಶವಾಹಿ ಇರುವುದು ಝಡ್ ಮೇಲೆ. ಹೆಣ್ಣಿಗಿರುವುದೇ ಒಂದು ಝಡ್ ಆದ್ದರಿಂದ, ಅದರ ಮೇಲೆ ಲುಟಿನೊ ಇದ್ದರೆ ಅದು ಹಳದಿ, ಇಲ್ಲದಿದ್ದರೆ ಹಸಿರು. ಬಚ್ಚಿಡಲು ಜಾಗವೇ ಇಲ್ಲ.

ಪುಸ್ತಕ ಮುಚ್ಚಿ ಲೆಕ್ಕ ಹಾಕಿ ನೋಡಬಹುದು. ಲುಟಿನೊ ಗಂಡಿಗೆ ಹಸಿರು ಹೆಣ್ಣನ್ನು ಜೋಡಿ ಮಾಡಿದರೆ ಮರಿಗಳು ಯಾವ ಬಣ್ಣ? ಮಗಳಿಗೆ ಝಡ್ ಬರುವುದು ಅಪ್ಪನಿಂದ ಮಾತ್ರ, ಆದ್ದರಿಂದ ಹೆಣ್ಣು ಮರಿಗಳೆಲ್ಲ ಹಳದಿ. ಮಗನಿಗೆ ಅಪ್ಪನದೊಂದು ಅಮ್ಮನದೊಂದು, ಆದ್ದರಿಂದ ಗಂಡು ಮರಿಗಳೆಲ್ಲ ಹಸಿರು, ಒಳಗೆ ಲುಟಿನೊಗೆ ಸ್ಪ್ಲಿಟ್. ಈ ಗಿಳಿಗಳಲ್ಲಿ ಗಂಡಿಗೆ ಕೊರಳಪಟ್ಟಿ ಮೂಡಲು ಎರಡು ಮೂರು ವರ್ಷ ಬೇಕು, ಅಲ್ಲಿಯವರೆಗೆ ಗಂಡು ಹೆಣ್ಣು ಎರಡೂ ಒಂದೇ ಥರ. ಆದರೆ ಈ ಜೋಡಿಯ ಗೂಡಿನಲ್ಲಿ ಮರಿ ಗರಿ ಬಿಡುವ ಮೊದಲೇ, ಕಣ್ಣಿನ ಕೆಂಪು ನೋಡಿ, ‘ಇದು ಹೆಣ್ಣು’ ಎನ್ನಬಹುದು! ಜೋಡಿಯನ್ನು ಅದಲುಬದಲು ಮಾಡಿ ಸ್ಪ್ಲಿಟ್ ಅಲ್ಲದ ಹಸಿರು ಗಂಡು, ಲುಟಿನೊ ಹೆಣ್ಣು ಇಟ್ಟರೆ ಒಂದು ಮರಿಯೂ ಹಳದಿಯಾಗುವುದಿಲ್ಲ.

ಕೊಳ್ಳುವವರನ್ನು ಏಮಾರಿಸುವ ಒಂದು ಹಳೆಯ ತಂತ್ರವೂ ಇಲ್ಲೇ ಬಯಲಾಗುತ್ತದೆ. ‘ಈ ಹಸಿರು ಹೆಣ್ಣು ಲುಟಿನೊಗೆ ಸ್ಪ್ಲಿಟ್, ಅದಕ್ಕೇ ಬೆಲೆ ಜಾಸ್ತಿ’ ಎಂದು ಯಾರಾದರೂ ಹೇಳಿದರೆ, ಹೇಳಿದವನಿಗೆ ಗೊತ್ತಿಲ್ಲ ಅಥವಾ ಕೇಳುವವನಿಗೆ ಗೊತ್ತಿಲ್ಲವೆಂದು ಅವನು ನಂಬಿದ್ದಾನೆ. ಹೆಣ್ಣು ಹಕ್ಕಿ ಲುಟಿನೊಗೆ ಸ್ಪ್ಲಿಟ್ ಆಗಲಾರದು.

ನೀಲಿಗೆ ಸ್ಪ್ಲಿಟ್ ಎಂಬ ಮಾತನ್ನು ಹೀಗೆ ಥಟ್ಟನೆ ಅಲ್ಲಗಳೆಯಲಾಗದು. ಪರೀಕ್ಷಿಸಲು ತಾಳ್ಮೆ ಬೇಕು. ಅನುಮಾನದ ಹಸಿರು ಹಕ್ಕಿಗೆ ನೀಲಿ ಸಂಗಾತಿ ಕೊಡುತ್ತಾರೆ. ಒಂದೇ ಒಂದು ನೀಲಿ ಮರಿ ಬಂದರೂ ಮಾತು ನಿಜವಾದಂತೆ. ಎಲ್ಲ ಮರಿಗಳೂ ಹಸಿರಾದರೆ? ಹಕ್ಕಿ ನಿಜಕ್ಕೂ ಸ್ಪ್ಲಿಟ್ ಆಗಿದ್ದು ಒಂದು ಮರಿ ಹಸಿರಾಗುವ ಸಾಧ್ಯತೆ ಅರ್ಧ. ಎರಡೂ ಹಸಿರಾಗುವುದು ಕಾಲು, ಮೂರೂ ಹಸಿರಾಗುವುದು ಎಂಟರಲ್ಲೊಂದು, ಐದೂ ಹಸಿರಾಗುವುದು 32ರಲ್ಲೊಂದು. ಈ ಗಿಳಿ ಸಾಮಾನ್ಯವಾಗಿ ಒಮ್ಮೆಗೆ ಇಡುವುದು ನಾಲ್ಕೈದು ಮೊಟ್ಟೆ, ಎಲ್ಲವೂ ಮರಿಯಾಗುವುದಿಲ್ಲ. ಹಾಗಾಗಿ ಮೂರು ಹಸಿರು ಮರಿ ನೋಡಿ ‘ಮೋಸ’ ಎಂದು ಕೂಗುವುದು ಅವಸರದ ತೀರ್ಪು. ಎರಡು ಋತುಗಳಲ್ಲಿ ಎಂಟು ಮರಿಗಳೂ ಹಸಿರೇ ಆದರೆ ಸಾಧ್ಯತೆ 256ರಲ್ಲೊಂದಕ್ಕೆ ಇಳಿಯುತ್ತದೆ, ಆಗ ಮಾರಿದವನನ್ನು ಕೇಳಬಹುದು. ಸಂಭವನೀಯತೆ ಎಂದರೆ ನಾಣ್ಯ ಚಿಮ್ಮುವ ಲೆಕ್ಕ ಮಾತ್ರ ಎಂದು ಬೇಸರಿಸುವ ಹುಡುಗರಿಗೆ ಈ ಲೆಕ್ಕ ಕೊಟ್ಟು ನೋಡಬಹುದು.

ಎರಡು ಹಳದಿ ಹಕ್ಕಿಗಳ ಗೂಡಿನಿಂದ ಹಸಿರು ಮರಿಗಳು ಹೊರಬಂದದ್ದೂ ಉಂಟು. ಕೆಂಪು ಕಣ್ಣಿನ ಹಳದಿಯಲ್ಲೇ ಎರಡು ಬಗೆ. ಒಂದು ಝಡ್ ವರ್ಣತಂತುವಿನದು, ಇನ್ನೊಂದು ಬೇರೆ ವರ್ಣತಂತುವಿನದು. ನೋಡಲು ಎರಡೂ ಅವಳಿಜವಳಿ. ಒಂದು ಮನೆಯಲ್ಲಿ ಹಿಟ್ಟಿಲ್ಲ, ಇನ್ನೊಂದು ಮನೆಯಲ್ಲಿ ಒಲೆಯಿಲ್ಲ. ಎರಡು ಮನೆಯಲ್ಲೂ ರೊಟ್ಟಿ ಬೇಯುವುದಿಲ್ಲ. ಎರಡೂ ಮನೆ ಒಂದಾದರೆ ಹಿಟ್ಟೂ ಬಂತು, ಒಲೆಯೂ ಬಂತು. ಮೆಲನಿನ್ ತಯಾರಿಕೆಯೂ ಹೀಗೇ ಹಲವು ಹಂತದ ಕೆಲಸ. ಒಂದು ಹಕ್ಕಿಯಲ್ಲಿ ಒಂದು ಹಂತ ಕೆಟ್ಟಿದೆ, ಇನ್ನೊಂದರಲ್ಲಿ ಇನ್ನೊಂದು ಹಂತ. ಝಡ್ ಬಗೆಯ ಹೆಣ್ಣಿಗೆ ಇನ್ನೊಂದು ಬಗೆಯ ಗಂಡನ್ನು ಜೋಡಿಸಿದರೆ ಮರಿಗಳಿಗೆ ಎರಡು ಹಂತವೂ ಸರಿಯಾಗಿ ದೊರೆತು ಎಲ್ಲವೂ ಹಸಿರಾಗುತ್ತವೆ. ಪಂಜರ ಬದಲಾಯಿತೇ ಎಂದು ಅನುಮಾನಿಸುವ ಮುನ್ನ ವಂಶಾವಳಿಯ ಪುಸ್ತಕ ತಿರುವುದು ಮೇಲು.

ಒಂದೇ ಹಕ್ಕಿ, ನೂರೆಂಟು ಹೆಸರು

ಗೊಂದಲಕ್ಕೆ ಇನ್ನೊಂದು ಕಾರಣ ಮನುಷ್ಯರೇ. ಒಂದೇ ಉತ್ಪರಿವರ್ತನೆಗೆ ಒಂದು ದೇಶದಲ್ಲೊಂದು ಹೆಸರು, ಮಾರುವವರ ಬಾಯಲ್ಲಿ ಮತ್ತೊಂದು. ಟರ್ಕಾಯ್ಸ್ ಹಕ್ಕಿಗೆ ‘ಪೇಸ್ಟಲ್ ಬ್ಲೂ’ ಎಂಬ ಹಳೆಯ ಹೆಸರಿತ್ತು. ಲಿಂಬೆ, ಬೆಣ್ಣೆ, ಬೆಳ್ಳಿ ಎಂದೆಲ್ಲ ಬಾಯಿಗೆ ಬಂದ ಸಿಹಿ ಹೆಸರು ಇಟ್ಟರೆ ಹಕ್ಕಿ ಬೇಗ ಮಾರಾಟವಾದೀತು, ಆದರೆ ಮುಂದಿನ ಪೀಳಿಗೆ ಯಾವುದನ್ನು ಯಾವುದರ ಜೊತೆ ಜೋಡಿಸಿದೆವೆಂದು ತಿಳಿಯದೆ ಒದ್ದಾಡುತ್ತದೆ. ಗರಿಯಲ್ಲಿ ಏನು ಬದಲಾಗಿದೆ ಎಂಬುದರ ಮೇಲೆಯೇ ಎಲ್ಲ ಜಾತಿಯ ಗಿಳಿಗಳಿಗೂ ಒಂದೇ ಹೆಸರಿರಬೇಕೆಂದು ನೆದರ್ಲೆಂಡ್ಸ್‌ನ ‘ಮುಟಾವಿ’ ಎಂಬ ಸಂಶೋಧನಾ ಬಳಗ ಪಟ್ಟು ಹಿಡಿಯಿತು. ಆಸ್ಟ್ರೇಲಿಯದ ಪಶುವೈದ್ಯ ಟೆರಿ ಮಾರ್ಟಿನ್ 2002ರಲ್ಲಿ ಗಿಳಿಗಳ ಬಣ್ಣ ಮತ್ತು ವಂಶವಾಹಿಗಳ ಬಗ್ಗೆ ದೊಡ್ಡ ಕೈಪಿಡಿಯನ್ನೇ ಹೊರತಂದರು.

ಆಮೇಲೆ ಪ್ರಯೋಗಾಲಯಗಳೂ ಮಾತನಾಡತೊಡಗಿದವು. 2017ರಲ್ಲಿ, ಬಡ್ಜೆರಿಗಾರ್ ಎಂಬ ಪುಟ್ಟ ಆಸ್ಟ್ರೇಲಿಯನ್ ಗಿಳಿಯಲ್ಲಿ ಹಳದಿ ತಯಾರಿಸುವ ಕಿಣ್ವ ಯಾವುದೆಂದು ಪತ್ತೆಯಾಯಿತು. ಆ ಕಿಣ್ವದ ಸರಪಳಿಯಲ್ಲಿ ಒಂದೇ ಒಂದು ಅಮೈನೊ ಆಮ್ಲ ಬದಲಾದರೆ ಹಕ್ಕಿ ನೀಲಿಯಾಗುತ್ತದೆ. ನಮ್ಮ ಗಿಳಿಯ ಸರದಿ ಬಂದದ್ದು 2024ರಲ್ಲಿ. ಝಡ್ ಬಗೆಯ ಹಳದಿಗೆ ‘ಎಸ್‌ಎಲ್‌ಸಿ45ಎ2’ ಎಂಬ ವಂಶವಾಹಿಯ ದೋಷ ಕಾರಣವೆಂದು ತೋರಿಸಿದ ಪ್ರಬಂಧ ಅಚ್ಚಾಯಿತು. ಕುತೂಹಲದ ಸಂಗತಿ ಎಂದರೆ, ಹಳದಿ ಗಿಳಿಗಳಲ್ಲಿ ಕಂಡ ದೋಷಗಳಲ್ಲೊಂದು ಮನುಷ್ಯರಲ್ಲಿ ಚರ್ಮ ಕೂದಲು ಬೆಳ್ಳಗಾಗಿಸುವ ಆಲ್ಬಿನಿಸಂನ ಒಂದು ಬಗೆಯಲ್ಲಿ ಮೊದಲೇ ದಾಖಲಾಗಿತ್ತು.

ಕಲ್ಕತ್ತದ ನಂಟು, ಕಾಯ್ದೆಯ ಮಾತು

ಈ ಬಣ್ಣಗಳೆಲ್ಲ ವಿದೇಶದ ಪಂಜರದಲ್ಲೇ ಹುಟ್ಟಿದವು ಎಂದುಕೊಂಡರೆ ತಪ್ಪು. ಹಸಿರು ಗುಂಪುಗಳ ನಡುವೆ ಅಪರೂಪಕ್ಕೆ ಒಂದು ಹಳದಿ ಅಥವಾ ನೀಲಿ ಹಕ್ಕಿ ಭಾರತದ ಬಯಲಲ್ಲೇ ಕಾಣಿಸಿಕೊಂಡಿದೆ. ಅಂಥವನ್ನು ಹಿಡಿದು ಶ್ರೀಮಂತರಿಗೆ ಮಾರುವವರಿದ್ದರು. ಕಲ್ಕತ್ತದಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲೆಸಿದ ಆಲ್ಫ್ರೆಡ್ ಎಜ್ರಾ ಎಂಬ ಪಕ್ಷಿಪ್ರಿಯ ಧನಿಕರು ಫಾಕ್ಸ್‌ವಾರೆನ್ ಪಾರ್ಕ್ ಎಂಬ ತಮ್ಮ ಎಸ್ಟೇಟಿನಲ್ಲಿ 1930ರ ದಶಕದಲ್ಲಿ ಹಳದಿ ಗಿಳಿಗಳನ್ನು ಮರಿ ಮಾಡಿಸಿ ಹೆಸರಾದರು.

ಇಷ್ಟೆಲ್ಲ ಓದಿದ ಮೇಲೆ ಮಕ್ಕಳು ‘ನಮಗೂ ಒಂದು ನೀಲಿ ಗಿಳಿ ತನ್ನಿ’ ಎಂದು ಹಟ ಹಿಡಿದರೆ ತಂದೆತಾಯಿಯರು ತಿಳಿದಿರಬೇಕಾದ ಸಂಗತಿಯೊಂದಿದೆ. ಈ ಗಿಳಿ ನಮ್ಮ ದೇಶದ ಕಾಡುಹಕ್ಕಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದಕ್ಕಿದೆ. 2022ರ ತಿದ್ದುಪಡಿಯ ನಂತರವೂ ಇದು ರಕ್ಷಿತ ಪ್ರಾಣಿಗಳ ಪಟ್ಟಿಯಲ್ಲೇ ಇದೆ. ಹಿಡಿಯುವುದು, ಮಾರುವುದು, ಕೊಂಡು ಪಂಜರದಲ್ಲಿಡುವುದು ಅಪರಾಧ. ‘ಇದು ಹಸಿರಲ್ಲ ಸ್ವಾಮಿ, ಫಾರಿನ್ ಕಲರ್’ ಎಂಬ ಸಮಜಾಯಿಷಿ ಹಕ್ಕಿ ಅಂಗಡಿಗಳಲ್ಲಿ ಕೇಳಿಬರಬಹುದು. ಕಾಯ್ದೆ ಹೆಸರಿಸಿರುವುದು ಪ್ರಭೇದವನ್ನು, ಬಣ್ಣವನ್ನಲ್ಲ. ಬಂಧನದಲ್ಲೇ ಮರಿ ಮಾಡಿಸಿದ್ದು ಎಂದರೂ ಬಿಡುಗಡೆಯಿಲ್ಲ. ಬಂಧಿತ ಪ್ರಾಣಿ ಎಂಬುದರ ವ್ಯಾಖ್ಯೆಯಲ್ಲೇ ಬಂಧನದಲ್ಲಿ ಹುಟ್ಟಿಸಿದ್ದೂ ಸೇರಿದೆ.

ಮೈಗೆ ಬಣ್ಣ ಬಳಿದು ಮಾರುವ ಚಾಳಿಯೂ ಹೊಸದಲ್ಲ. ಬಳಿದ ಬಣ್ಣ ಗರಿಯ ಬುಡದವರೆಗೆ ಒಂದೇ ಸಮ ಇಳಿದಿರುವುದಿಲ್ಲ. ಕಣ್ಣು, ಕಾಲು, ಹಾರುಗರಿಗಳು ಮೈಯ ಕಥೆಗೆ ಹೊಂದುವುದಿಲ್ಲ. ಗರಿ ಉದುರಿ ಹೊಸದು ಬಂದಾಗ ಅದು ಹಸಿರೇ. ಹಸಿರು ಗಿಳಿಯ ಮೈಮೇಲೆ ಇದ್ದಕ್ಕಿದ್ದಂತೆ ಅಲ್ಲೊಂದು ಇಲ್ಲೊಂದು ಹಳದಿ ಗರಿ ಮೂಡಿದರೂ ಅದನ್ನು ಹೊಸ ಉತ್ಪರಿವರ್ತನೆಯೆಂದು ಸಂಭ್ರಮಿಸಬೇಕಿಲ್ಲ. ಬರೀ ಕಾಳು ತಿಂದು ಬೆಳೆದ ಹಕ್ಕಿಯ ಪೋಷಣೆಯ ಕೊರತೆ, ಯಕೃತ್ತಿನ ಕಾಯಿಲೆ, ಗರಿಯ ರೋಗ ಇವುಗಳಲ್ಲೂ ಹೀಗಾಗುತ್ತದೆ. ಹುಟ್ಟಿದಾಗಿನಿಂದ ಇದ್ದು ಪ್ರತಿ ಸಲ ಗರಿ ಬದಲಾದಾಗಲೂ ಅದೇ ಜಾಗಕ್ಕೆ ಮರಳಿದರೆ ವಂಶದ ಮಾತು. ನಡುವೆ ಬಂದದ್ದಾದರೆ ಪಶುವೈದ್ಯರ ಮಾತು.

ಲೆಕ್ಕ ಹಾಕಿ ನೋಡಲೇಬೇಕು ಎನ್ನುವ ವಿದ್ಯಾರ್ಥಿಗೆ ಬಡ್ಜೆರಿಗಾರ್ ಇದೆ. ನಮ್ಮಲ್ಲಿ ಬಹಳ ಮಂದಿ ಇದನ್ನೇ ‘ಲವ್ ಬರ್ಡ್ಸ್’ ಎಂದು ತಪ್ಪಾಗಿ ಕರೆಯುವುದು. ಪಂಜರದಲ್ಲಿ ಎಷ್ಟೋ ತಲೆಮಾರು ಕಳೆದ ಪರದೇಶಿ ಹಕ್ಕಿ. ಈ ಕಾಯ್ದೆಯ ದೇಶೀ ಹಕ್ಕಿಗಳ ಸಾಲಿಗೆ ಸೇರಿಲ್ಲ. ಅದರಲ್ಲೂ ನೀಲಿ ಅಪ್ರಬಲ, ಬೂದಿ ಪ್ರಬಲ, ಲುಟಿನೊ ಮತ್ತು ಸಿನಮನ್ ಝಡ್ ವರ್ಣತಂತುವಿನ ಮೇಲೆ. ಮೇಲಿನ ಲೆಕ್ಕಗಳೆಲ್ಲ ಹಾಗೇ ಹೊಂದುತ್ತವೆ. ಜೋಡಿ ಕೂಡಿಸಿದ ದಿನ, ಮೊಟ್ಟೆಯ ಎಣಿಕೆ, ಮರಿಯ ಕಣ್ಣಿನ ಬಣ್ಣ, ಮೊದಲ ಗರಿಯ ಬಣ್ಣ ಇಷ್ಟನ್ನು ತಾರೀಖಿನ ಸಮೇತ ಬರೆದಿಟ್ಟರೆ ಸಾಕು.

ಊರ ಹೊರಗಿನ ಆಲದ ಮರಕ್ಕೆ ಸಂಜೆ ಮರಳುವ ಗಿಳಿಗಳ ಗುಂಪಿನಲ್ಲಿ ಎಂದಾದರೂ ಒಂದು ಹಳದಿ ಹಕ್ಕಿ ಕಂಡರೆ ಪುಸ್ತಕದಲ್ಲಿ ಬರೆದಿಡುವುದು ಇನ್ನೂ ಸುಲಭ. ದಿನಾಂಕ, ಹೊತ್ತು, ದುರ್ಬೀನಿನಲ್ಲಿ ಕಂಡ ಹಾರುಗರಿಯ ಬಣ್ಣ, ಸಾಧ್ಯವಾದರೆ ಪಾಪೆಯ ಬಣ್ಣ, ಕೊರಳಲ್ಲಿ ಗುಲಾಬಿ ಪಟ್ಟಿ ಇದೆಯೋ ಇಲ್ಲವೋ, ಒಂದು ಫೋಟೊ. ಮರ ಯಾವುದು, ಎಲ್ಲಿದೆ ಎಂಬುದನ್ನು ಮಾತ್ರ ಪೇಟೆಯಲ್ಲಿ ಹೇಳಿಕೊಂಡು ತಿರುಗಬಾರದು. ಬಲೆ ಹಾಕುವವರಿಗೂ ಹಳದಿ ಗಿಳಿಯ ಬೆಲೆ ಚೆನ್ನಾಗಿ ಗೊತ್ತು.